ಮುರಿದ ಕೈಕಂಬಿಗೆ ಅಂಟೊಂದೇ ಸಾಲದು

ಪ್ರಶ್ನೆ: ಅಮೆರಿಕದಲ್ಲಿರುವ ಭಾವ ತಂದುಕೊಟ್ಟ ಎಚ್‌ಓ ಅಳತೆಯ ಡೀಸೆಲ್ ರೈಲ್ವೆ ಎಂಜಿನ್ನಿನ ಮಾದರಿಯೊಂದು ನನ್ನಲ್ಲಿದೆ. ಮೇ ತಿಂಗಳಲ್ಲಿ ಅದು ಕಪಾಟಿನಿಂದ ಬಿದ್ದು, ಒಂದು ಪಕ್ಕದ ಕೈಕಂಬಿ ಮೂರು ಕಡೆ ಮುರಿಯಿತು, ಚಾಲಕರ ಕೋಣೆಗೆ ಹತ್ತುವ ಮೆಟ್ಟಿಲೊಂದು ಕಿತ್ತುಬಂತು, ಹಾರ್ನ್ ಕಳೆದೇ ಹೋಯಿತು. ಸೂಪರ್ ಗ್ಲೂ ಹಾಕಿದಾಗ ಮೆಟ್ಟಿಲು ನಿಂತಿತು. ಕೈಕಂಬಿ ಮಾತ್ರ ಎರಡು ಸಲ ಅಂಟಿಸಿದರೂ ಬಿಟ್ಟುಬಂತು. ಜುಲೈನಲ್ಲಿ ಹಾಕಿದ ಅಂಟಿನ ಸುತ್ತ ಬೂದಿ ಉದುರಿದಂಥ ಬಿಳಿ ಕಲೆಯೂ ಕೂತಿದೆ. ಇದಕ್ಕಿಂತ ಗಟ್ಟಿಯಾದ ಅಂಟು ಯಾವುದು? (ಕುಮಟಾದ ಓದುಗರು)

ಉತ್ತರ: ತಾವು ಗಟ್ಟಿಯಾದ ಅಂಟನ್ನು ಕೇಳಿದ್ದೀರಿ. ಆದರೆ ಒಂದೇ ಅಂಟು ಮೆಟ್ಟಿಲನ್ನು ಹಿಡಿದು ಕೈಕಂಬಿಯನ್ನು ಬಿಟ್ಟಿದೆ ಎಂದಮೇಲೆ ದೋಷ ಅಂಟಿನದಲ್ಲ, ಅಂಟಿಸಿಕೊಳ್ಳುವ ವಸ್ತುವಿನದು ಮತ್ತು ಜೋಡಣೆಯ ಬಗೆಯದು ಎಂಬುದು ತಮ್ಮ ಪ್ರಶ್ನೆಯಲ್ಲೇ ಇದೆ. ನಿಜವಾದ ಎಂಜಿನ್ನಿನ 35 ಮಿಲಿಮೀಟರ್ ದಪ್ಪದ ಕೊಳವೆಯನ್ನು ಎಚ್‌ಓ ಅಳತೆಗೆ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಉಳಿಯುವುದು 0.4 ಮಿಲಿಮೀಟರ್. ಎಂಜಿನ್ನಿನ ಮೈಗೆ ಬಳಸುವ ಎಬಿಎಸ್ ಅಥವಾ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಅಷ್ಟು ತೆಳುವಾಗಿ ಎರಕ ಹೊಯ್ದರೆ ಪೆಟ್ಟಿಗೆಯಿಂದ ತೆಗೆಯುವಾಗಲೇ ಅದು ಮುರಿಯುತ್ತದೆ. ಆದ್ದರಿಂದ ಅನೇಕ ತಯಾರಕರು ಕೈಕಂಬಿಗೆ ಅಸಿಟಾಲ್ ಎಂಬ ಬಾಗುವ ಪ್ಲಾಸ್ಟಿಕ್ಕನ್ನು ಬಳಸುತ್ತಾರೆ. ಡೆಲ್ರಿನ್ ಎಂಬ ವ್ಯಾಪಾರಿ ಹೆಸರಿನಲ್ಲಿ ಬರುವುದೂ ಇದೇ. ಇದರ ಮೈ ಎಣ್ಣೆ ಸವರಿದಂತೆ ಜಾರುತ್ತದೆ, ಎಂಜಿನ್ನಿನ ಒಳಗಿನ ಹಲ್ಲುಚಕ್ರಗಳಿಗೂ ಇದನ್ನೇ ಹಾಕುವುದು ಆ ಜಾರುಗುಣಕ್ಕಾಗಿ. ಹಲ್ಲುಚಕ್ರಕ್ಕೆ ವರವಾದ ಅದೇ ಗುಣ ಅಂಟಿಗೆ ಶಾಪ. ಯಾವ ದ್ರಾವಕವೂ ಇದನ್ನು ಸುಲಭವಾಗಿ ಕರಗಿಸುವುದಿಲ್ಲ, ಸೂಪರ್ ಗ್ಲೂ ಮೇಲೆ ಪೊರೆಯಂತೆ ಕೂತು ಬೆರಳು ತಾಗಿದೊಡನೆ ಕಳಚಿಕೊಳ್ಳುತ್ತದೆ.

ತಮ್ಮ ಕೈಕಂಬಿ ಅಸಿಟಾಲ್ ಹೌದೋ ಅಲ್ಲವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು, ಅದಕ್ಕೆ ತಮ್ಮ ಊರಿನ ಬಳಿಯ ಸಾಣಿಕಟ್ಟೆಯ ಉಪ್ಪೇ ಸಾಕು. ಅರ್ಧ ಲೋಟ ನೀರಿಗೆ ಇನ್ನು ಕರಗುವುದಿಲ್ಲ ಎನ್ನುವಷ್ಟು ಉಪ್ಪು ಹಾಕಿ ಕದಡಿ, ತಿಳಿಯಾದ ನೀರನ್ನು ಬೇರೆ ಲೋಟಕ್ಕೆ ಬಗ್ಗಿಸಿಕೊಂಡು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿ, ಕೈಕಂಬಿಯ ಒಂದು ಚೂರನ್ನು ಚಿಮಟದಿಂದ ಅದರೊಳಗೆ ಮುಳುಗಿಸಿ ಬಿಡಿ. ಅಂಥ ಉಪ್ಪುನೀರಿನ ಸಾಂದ್ರತೆ ಸುಮಾರು 1.2, ಎಬಿಎಸ್ ಮತ್ತು ಪಾಲಿಸ್ಟೈರೀನ್‌ಗಳದು 1.05ರ ಆಸುಪಾಸು, ಅಸಿಟಾಲಿನದು 1.4. ಆದುದರಿಂದ ಮೊದಲೆರಡು ಮೇಲೆ ತೇಲುತ್ತವೆ, ಅಸಿಟಾಲ್ ತಳಕ್ಕೆ ಇಳಿಯುತ್ತದೆ. ಸೋಪಿನ ಹನಿಯನ್ನು ಮರೆಯಬಾರದು. ಚೂರಿಗೆ ಗಾಳಿಯ ಗುಳ್ಳೆ ಅಂಟಿಕೊಂಡಿದ್ದರೆ ಮುಳುಗಬೇಕಾದದ್ದೂ ತೇಲಿ ದಾರಿ ತಪ್ಪಿಸುತ್ತದೆ. ಸಮುದ್ರದ ನೀರನ್ನೇ ತಂದರೆ ಆಗದು, ಅದರ ಸಾಂದ್ರತೆ 1.03ನ್ನೂ ಮುಟ್ಟದಿರುವುದರಿಂದ ಎಲ್ಲವೂ ಮುಳುಗುತ್ತವೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಹಚ್ಚಿ ಪರೀಕ್ಷಿಸುವವರೂ ಇದ್ದಾರೆ. ಎಬಿಎಸ್ ಅದರಲ್ಲಿ ಮೆತ್ತಗಾಗುತ್ತದೆ ಎಂಬುದು ನಿಜವಾದರೂ, ಒಂದು ಹನಿ ಎಂಜಿನ್ನಿನ ಮೈಮೇಲೆ ಬಿದ್ದರೆ ಬಣ್ಣದ ಜೊತೆಗೆ ಅಚ್ಚಿನ ಗೆರೆಗಳೂ ಕರಗುವುದರಿಂದ ನಾನು ಅದನ್ನು ಮೇಜಿನ ಹತ್ತಿರಕ್ಕೂ ತರುವುದಿಲ್ಲ.

ಈಗ ಬಿಳಿ ಕಲೆಯ ವಿಚಾರ. ಸೂಪರ್ ಗ್ಲೂ ಎಂದು ನಾವು ಕರೆಯುವ ಸಯನೋಅಕ್ರಿಲೇಟ್ ಒಣಗಿ ಗಟ್ಟಿಯಾಗುವ ಅಂಟಲ್ಲ. ಗಾಳಿಯಲ್ಲಿ, ವಸ್ತುವಿನ ಮೈಮೇಲೆ ಇರುವ ತೇವ ತಾಗಿದಾಗ ಅದರ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ಕರಾವಳಿಯ ಜುಲೈ ತಿಂಗಳಲ್ಲಿ ಗಾಳಿಯ ತೇವ ಶೇಕಡಾ 90ರ ಸುತ್ತಮುತ್ತ ಇರುವಾಗ ಆ ಕ್ರಿಯೆ ತುಂಬ ಚುರುಕಾಗಿ ನಡೆಯುತ್ತದೆ, ಅಂಟಿನಿಂದ ಮೇಲೆದ್ದ ಆವಿ ದೂರ ಹೋಗುವ ಮೊದಲೇ ಗಟ್ಟಿಯಾಗಿ ಅಕ್ಕಪಕ್ಕದ ಬಣ್ಣದ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ನಾನು ಇದನ್ನು ಕಲಿತದ್ದು ನಷ್ಟದಿಂದ. ಕಾರವಾರದ ಮನೆಯಲ್ಲಿ ಒಂದು ಆಷಾಢದಲ್ಲಿ ಎಂಜಿನ್ನಿನ ದೀಪದ ಗೂಡನ್ನು ಅಂಟಿಸಿ, ಧೂಳು ಕೂರಬಾರದೆಂದು ತಕ್ಷಣ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದೆ. ಬೆಳಿಗ್ಗೆ ತೆಗೆದು ನೋಡಿದರೆ ಕಪ್ಪು ಎಂಜಿನ್ನಿನ ಮುಂಭಾಗವೆಲ್ಲ ವಿಭೂತಿ ಬಳಿದುಕೊಂಡಂತಿತ್ತು, ಕಿಟಕಿಗಳು ಮಂಜುಗಟ್ಟಿದ್ದವು.

ತಮ್ಮ ಕಲೆ ಹೊಸದಾಗಿದ್ದು ಪುಡಿಯಂತೆಯೇ ಇದ್ದರೆ ಸೋಪುನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಕುಂಚದಿಂದ ಬಹಳಷ್ಟು ಹೋಗುತ್ತದೆ. ಹೋಗದೆ ಉಳಿದದ್ದನ್ನು ಕೆರೆಯಬೇಡಿ. ದುರಸ್ತಿಯೆಲ್ಲ ಮುಗಿದಮೇಲೆ ಆ ಭಾಗಕ್ಕೆ ಹೊಳಪಿಲ್ಲದ ವಾರ್ನಿಶ್ಶನ್ನು ತೆಳುವಾಗಿ ಎಳೆದರೆ ಕಲೆ ಅದರೊಳಗೆ ಅಡಗುತ್ತದೆ. ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಮುಂದೆಂದೂ ಈ ಅಂಟನ್ನು ತಾಗಿಸಬೇಡಿ. ಅಲ್ಲಿಗೆ ಒಣಗಿದಮೇಲೆ ಪಾರದರ್ಶಕವಾಗುವ ಫೆವಿಕಾಲ್ ಸಾಕು, ಮಳೆಗಾಲದಲ್ಲಿ ಒಣಗಲು ಅದಕ್ಕೆ ಒಂದು ದಿನ ಹೆಚ್ಚು ಕೊಡಬೇಕು, ಅಷ್ಟೆ.

ಕೆಲಸಕ್ಕೆ ಕೂರುವ ಮೊದಲು ಎಂಜಿನ್ನಿನ ಮೇಲ್ಮೈಯನ್ನು, ಅಂದರೆ ಪ್ಲಾಸ್ಟಿಕ್ಕಿನ ಹೊರಕವಚವನ್ನು, ಮೋಟಾರು ಚಕ್ರಗಳಿರುವ ಚಾಸಿಯಿಂದ ಬೇರ್ಪಡಿಸಿಕೊಳ್ಳಿ. ಅಂಟಿನ ಆವಿ ಮೋಟಾರಿನೊಳಗೆ ಹೋಗಬಾರದು ಎಂಬುದು ಒಂದು ಕಾರಣವಾದರೆ, ಮುಂದೆ ಹೇಳುವ ತಂತಿಯ ತುದಿಗಳನ್ನು ಒಳಗಿನಿಂದ ಹಿಡಿಸಬೇಕಾಗಿರುವುದು ಇನ್ನೊಂದು ಕಾರಣ. ಬಿಚ್ಚಿದ ಮೇಲ್ಮೈಯನ್ನು ಹಳೆಯ ಹತ್ತಿ ಪಂಚೆಯ ಮಡಿಕೆಯಲ್ಲಿ ಮಲಗಿಸಬೇಕೇ ಹೊರತು ಗುಳ್ಳೆ ಪ್ಲಾಸ್ಟಿಕ್ಕಿನ ಮೇಲೆ ಅಲ್ಲ, ಸೆಕೆಯಲ್ಲಿ ಆ ಗುಳ್ಳೆಗಳ ಗುರುತು ಬಣ್ಣದ ಮೇಲೆ ಉಳಿದುಬಿಡುತ್ತದೆ. ನಮ್ಮ ಕಡೆಯ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದ ಎರಡು ಮಿಲಿಮೀಟರಿನ ಕಪ್ಪು ಚೂರು ಹುಡುಕಿದರೂ ಸಿಗದು. ಕುರ್ಚಿಯ ಕೆಳಗೂ ಒಂದು ಬಿಳಿ ಬಟ್ಟೆ ಹಾಸಿಕೊಳ್ಳಿ. ತಮ್ಮ ಹಾರ್ನ್ ಬಿದ್ದ ಕೋಣೆಯಲ್ಲೂ ರಾತ್ರಿ ದೀಪವಾರಿಸಿ ಟಾರ್ಚನ್ನು ನೆಲಕ್ಕೆ ಒರಗಿಸಿ ಒಮ್ಮೆ ಬೆಳಕು ಹಾಯಿಸಿ ನೋಡಿ. ಚೂರು ಕಾಣದಿದ್ದರೂ ಅದರ ಉದ್ದ ನೆರಳು ಕಾಣುತ್ತದೆ.

ಕೈಕಂಬಿಯ ಮೂರು ಮುರುಕುಗಳನ್ನು ತುದಿಗೆ ತುದಿ ಕೂಡಿಸಿ ಅಂಟಿಸುವ ಯೋಚನೆಯನ್ನು ಬಿಟ್ಟುಬಿಡಿ ಎಂಬುದು ನನ್ನ ಖಚಿತ ಸಲಹೆ. ಅರ್ಧ ಮಿಲಿಮೀಟರ್ ದಪ್ಪದ ಎರಡು ತುದಿಗಳು ಸೇರುವ ಜಾಗ ಸಾಸಿವೆಯ ಕಾಳಿಗಿಂತಲೂ ಚಿಕ್ಕದು, ಅಲ್ಲಿ ಯಾವ ಅಂಟು ಹಾಕಿದರೂ ಮೊದಲ ಬಾಗುವಿಕೆಯಲ್ಲೇ ಸೀಳುತ್ತದೆ. ಒಳಗೆ ತಂತಿ ತೂರಿಸಿ ಗಟ್ಟಿ ಮಾಡೋಣವೆಂದರೆ, 0.3 ಮಿಲಿಮೀಟರ್ ತೂತು ಕೊರೆದಮೇಲೆ ಸುತ್ತ ಉಳಿಯುವ ಗೋಡೆ 0.1 ಮಿಲಿಮೀಟರ್ ಮಾತ್ರ. ಆದ್ದರಿಂದ ಅಡ್ಡ ಓಡುವ ಕಂಬಿಯನ್ನು ಪೂರ್ತಿ ಕತ್ತರಿಸಿ ತೆಗೆದು ಅದರ ಜಾಗದಲ್ಲಿ ಒಂದೇ ಉದ್ದದ ಲೋಹದ ತಂತಿ ಹಾಕಬೇಕು, ಗಟ್ಟಿಯಾಗಿರುವ ನಿಲುಗಂಬಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ತಯಾರಕರು ಕೈಕಂಬಿಯ ಬಿಡಿಭಾಗ ಮಾರುತ್ತಿದ್ದರೆ ಭಾವನವರಿಗೆ ಹೇಳಿ ತರಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ, ಅದನ್ನು ಅಂಟಿಲ್ಲದೆ ತೂತುಗಳಿಗೆ ಒತ್ತಿ ಕೂರಿಸಿದರೆ ಮುಗಿಯಿತು. ಆದರೆ ಅದೂ ಅಸಿಟಾಲಿನದೇ ಆಗಿರುವ ಸಂಭವ ಹೆಚ್ಚು.

ತಂತಿ ಹಿತ್ತಾಳೆಯದಾಗಿರಲಿ, 0.4 ಮಿಲಿಮೀಟರಿನದು. ಗಿಟಾರಿನ ಉಕ್ಕಿನ ತಂತಿ ನೆಟ್ಟಗಿರುತ್ತದೆ, ಸುಲಭವಾಗಿ ಸಿಗುತ್ತದೆ ಎಂದು ನಾನೂ ಒಮ್ಮೆ ಅದನ್ನೇ ಹಾಕಿದ್ದೆ. ಒಂದೇ ಮಳೆಗಾಲದಲ್ಲಿ ಬಣ್ಣದ ಕೆಳಗಿನಿಂದ ತುಕ್ಕು ಎದ್ದು, ಹಳದಿ ಕೈಕಂಬಿಯ ಮೇಲೆ ಕಂದು ಮಚ್ಚೆಗಳಾದವು. ಕಡಲ ಗಾಳಿ ಆಡುವ ಮನೆಯಲ್ಲಿ ಉಕ್ಕು ಬೇಡವೇ ಬೇಡ. ಹಿತ್ತಾಳೆ ತಂತಿ ಸುರುಳಿಯಾಗಿ ಬರುವುದರಿಂದ ಅದನ್ನು ಮೊದಲು ನೆಟ್ಟಗೆ ಮಾಡಬೇಕು. ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು, ಜಗ್ಗದೆ ನಿಧಾನವಾಗಿ ಎಳೆಯುತ್ತಾ ಹೋದರೆ ಒಂದು ಹಂತದಲ್ಲಿ ತಂತಿ ತುಸು ಸಡಿಲಿ ಉದ್ದವಾದದ್ದು ಕೈಗೆ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಿದರೆ ತಂತಿ ಗೀಟಿನಷ್ಟು ನೇರವಾಗಿರುತ್ತದೆ, ಇನ್ನೊಂದು ಕೂದಲೆಳೆಯಷ್ಟು ಎಳೆದರೆ ತುಂಡಾಗುತ್ತದೆ. ಇದನ್ನು ಅಕ್ಕಸಾಲಿಗರ ಅಂಗಡಿಯಲ್ಲಿ ಒಮ್ಮೆ ನಿಂತು ನೋಡಿದರೆ ಬರಹದಲ್ಲಿ ಹೇಳಲಾಗದ್ದು ಅರ್ಥವಾಗುತ್ತದೆ.

ಬಾಗುಗಳ ಅಳತೆಗೆ ಬೇರೆಲ್ಲೂ ಹುಡುಕಬೇಕಾಗಿಲ್ಲ. ಮುರಿಯದ ಪಕ್ಕದ ಕೈಕಂಬಿ ಬಹುತೇಕ ಇದರ ಕನ್ನಡಿ ಬಿಂಬವೇ ಆಗಿರುವುದರಿಂದ, ಅದರ ಮೇಲೆ ತೆಳು ಕಾಗದ ಇಟ್ಟು ನಿಲುಗಂಬಗಳ ಜಾಗ ಮತ್ತು ತುದಿಗಳ ಬಾಗನ್ನು ಗುರುತಿಸಿಕೊಂಡು, ಕಾಗದವನ್ನು ಮಗುಚಿ ಒಂದು ಮರದ ತುಂಡಿಗೆ ಅಂಟಿಸಿ. ಬಾಗು ಬರುವ ಕಡೆಗಳಲ್ಲಿ ಹೊಲಿಗೆ ಸೂಜಿಗಳನ್ನು ಅರ್ಧಕ್ಕೆ ಮುರಿದು ಬಡಿದರೆ, ತಂತಿಯನ್ನು ಅವುಗಳ ಸುತ್ತ ಬಗ್ಗಿಸುವ ಅಚ್ಚು ಸಿದ್ಧ. ಸಾಗುವಾನಿಯಂಥ ಮರವಾದರೆ ಸೂಜಿ ಅಲ್ಲಾಡದು. ತಂತಿಯ ಎರಡೂ ಕೊನೆಗಳಲ್ಲಿ ಮೂರು ಮಿಲಿಮೀಟರಿನಷ್ಟು ಹೆಚ್ಚಿಗೆ ಬಿಟ್ಟು ಒಳಕ್ಕೆ ಮಡಚಬೇಕು, ಕೈಕಂಬಿಯ ಬಲವೆಲ್ಲ ನಿಲ್ಲುವುದು ಆ ಎರಡು ಕೊನೆಗಳ ಮೇಲೆ. ಚಾಲಕರ ಕೋಣೆಯ ಗೋಡೆಯಲ್ಲಿಯೂ ಎಂಜಿನ್ನಿನ ಮುಂದಿನ ತುದಿಯಲ್ಲಿಯೂ, ಹಳೆಯ ಕೈಕಂಬಿ ಸೇರಿದ್ದ ಜಾಗದಲ್ಲೇ, ಪಿನ್ ವೈಸಿಗೆ, ಅಂದರೆ ಸಣ್ಣ ಕೊರೆಮೊಳೆ ಹಿಡಿಯುವ ಕೈಹಿಡಿಗೆ, 0.45 ಮಿಲಿಮೀಟರಿನ ಕೊರೆಮೊಳೆ ಸಿಕ್ಕಿಸಿ ಬೆರಳಿನಲ್ಲೇ ತಿರುಗಿಸುತ್ತಾ ತೂತು ಮಾಡಿ. ವಿದ್ಯುತ್ ಡ್ರಿಲ್ಲಿನ ವೇಗಕ್ಕೆ ಪ್ಲಾಸ್ಟಿಕ್ ಕರಗಿ ಕೊರೆಮೊಳೆಗೆ ಸುತ್ತಿಕೊಳ್ಳುತ್ತದೆ. ಮಡಚಿದ ಕೊನೆಯನ್ನು ತೂತಿನಲ್ಲಿ ಇಳಿಸಿ, ಒಳಗಿನಿಂದ ಅರಾಲ್ಡೈಟಿನಂಥ ಎರಡು ಟ್ಯೂಬಿನ ಎಪಾಕ್ಸಿ ಅಂಟಿನ ಒಂದು ಚುಕ್ಕೆ ಇಡಿ. ಇಲ್ಲಿ ಗೋಡೆ ಎಬಿಎಸ್ ಆದ್ದರಿಂದ ಅಂಟು ನಿಜವಾಗಿಯೂ ಹಿಡಿಯುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವುದಕ್ಕಿಂತ ಒಂದು ರಾತ್ರಿ ತೆಗೆದುಕೊಳ್ಳುವ ಎಪಾಕ್ಸಿ ಹೆಚ್ಚು ಬಾಳುತ್ತದೆ, ತಂತಿಯ ಮಟ್ಟವನ್ನು ತಿದ್ದಿಕೊಳ್ಳಲು ಸಮಯವನ್ನೂ ಕೊಡುತ್ತದೆ.

ನಡುವಿನ ಅಸಿಟಾಲ್ ನಿಲುಗಂಬಗಳಿಗೆ ತಂತಿಯನ್ನು ಅಂಟಿಸುವುದಲ್ಲ, ಕಟ್ಟುವುದು. ಪ್ರತಿ ಕಂಬದ ತಲೆಯಲ್ಲಿ ತ್ರಿಕೋನದ ಸಣ್ಣ ಅರದಿಂದ ಒಂದೇ ಒಂದು ಸಲ ಎಳೆದು ತಂತಿ ಕೂರುವಷ್ಟು ಕಚ್ಚು ಮಾಡಿ. ಕೆಟ್ಟ ಆಟಿಕೆ ಮೋಟಾರಿನ ಸುರುಳಿಯಿಂದ ಬಿಚ್ಚಿದ ಕೂದಲಿನಂಥ ತಾಮ್ರದ ತಂತಿಯನ್ನು, ಅಬ್ಬಲಿಗೆ ದಂಡೆ ಕಟ್ಟುವವರು ಬಾಳೆನಾರನ್ನು ಹೂವಿನ ತೊಟ್ಟಿಗೆ ಸುತ್ತಿ ಬಿಗಿಯುವಂತೆ, ಕಂಬಕ್ಕೂ ಕಂಬಿಗೂ ಸೇರಿಸಿ ಎರಡು ಸುತ್ತು ಹಾಕಿ, ಎಂಜಿನ್ನಿನ ಒಳಮುಖದ ಕಡೆ ಒಂದು ತಿರುವು ಕೊಟ್ಟು ಕತ್ತರಿಸಿ. ಬಿಗಿ ಅತಿಯಾದರೆ ಕಂಬ ಒಂದು ಕಡೆಗೆ ವಾಲುತ್ತದೆ, ಆಗ ಬಿಚ್ಚಿ ಮತ್ತೆ ಸುತ್ತುವುದೇ ಲೇಸು. ಸೂಪರ್ ಗ್ಲೂ ಬರಬೇಕಾದದ್ದು ಈ ಹಂತದಲ್ಲಿ. ಅಸಿಟಾಲಿಗೆ ಅದು ಹಿಡಿಯದಿದ್ದರೂ ತಾಮ್ರವನ್ನು ಹಿತ್ತಾಳೆಗೆ ಹಿಡಿಸಿ ಗಂಟು ಬಿಚ್ಚದಂತೆ ನೋಡಿಕೊಳ್ಳುತ್ತದೆ. ಟ್ಯೂಬಿನ ಮೂತಿಯಿಂದ ಎಂದೂ ಹಾಕಬೇಡಿ. ಹೊಲಿಗೆ ಸೂಜಿಯ ಕಣ್ಣಿನ ತುದಿಯನ್ನು ಅರದಲ್ಲಿ ತಿಕ್ಕಿ ತೆಗೆದರೆ ಕಣ್ಣು ಎರಡು ಕವಲಾಗಿ ಉಳಿಯುತ್ತದೆ, ಅದನ್ನು ಅಂಟಿನಲ್ಲಿ ಅದ್ದಿದರೆ ಕವಲಿನ ನಡುವೆ ಒಂದು ಚುಕ್ಕೆಯಷ್ಟೇ ನಿಲ್ಲುತ್ತದೆ. ಅದನ್ನು ಗಂಟಿಗೆ ತಾಗಿಸಿದ ಕೂಡಲೇ ಅಂಟು ತಾನಾಗಿ ಒಳಗೆ ಸೆಳೆದುಕೊಳ್ಳುತ್ತದೆ. ಆಗ ಮೇಜಿನ ಫ್ಯಾನನ್ನು ಸಣ್ಣಗೆ, ದೂರದಿಂದ, ಆಡಿಸಿಕೊಂಡರೆ ಆವಿ ತೇಲಿಹೋಗಿ ಬಿಳಿ ಕಲೆ ಕೂರುವುದಿಲ್ಲ. ಕೆಲವರು ಬಿಸಿ ಮಾಡಿದ ತಂತಿಯನ್ನು ಅಸಿಟಾಲಿನೊಳಗೆ ಒತ್ತಿ ಹುಗಿಸುತ್ತಾರೆ. ಅಸಿಟಾಲ್ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್ ಎಂಬ ಕಣ್ಣು ಗಂಟಲು ಉರಿಸುವ ವಿಷದ ಅನಿಲ ಬಿಡುವುದರಿಂದ ಮನೆಯೊಳಗೆ ಆ ಸಾಹಸ ಬೇಡ.

ಮೆಟ್ಟಿಲು ಸದ್ಯಕ್ಕೆ ನಿಂತಿದ್ದರೂ ನಿಶ್ಚಿಂತರಾಗಬೇಡಿ. ಸೂಪರ್ ಗ್ಲೂ ನೇರ ಎಳೆತವನ್ನು ತಡೆದಷ್ಟು ಪಕ್ಕದ ಪೆಟ್ಟನ್ನು, ತಿರುಚುವಿಕೆಯನ್ನು ತಡೆಯುವುದಿಲ್ಲ, ಎಂಜಿನ್ನನ್ನು ಹಳಿಯ ಮೇಲಿಡುವಾಗ ಬೆರಳು ತಾಗುವುದು ಸರಿಯಾಗಿ ಮೆಟ್ಟಿಲಿಗೇ. ಮೆಟ್ಟಿಲಿನ ಹಿಂಬದಿಯಲ್ಲಿ ಒಂದು ಮಿಲಿಮೀಟರಿನಷ್ಟು ದಪ್ಪವಿದ್ದರೆ, ಅದರ ಮೂಲಕ ಮೈಯೊಳಕ್ಕೆ 0.3 ಮಿಲಿಮೀಟರಿನ ತೂತು ಕೊರೆದು, ಮನೆಯ ವೈರಿಂಗಿನ ಮೆತ್ತನೆ ವಯರಿನೊಳಗಿನ 0.2 ಮಿಲಿಮೀಟರಿನ ಒಂದು ತಾಮ್ರದ ಎಳೆಯನ್ನು ಎಪಾಕ್ಸಿಯಲ್ಲಿ ಅದ್ದಿ ತೂರಿಸಿಬಿಡಿ.

ಟಾರ್ಚಿಗೂ ಹಾರ್ನ್ ಸಿಗದಿದ್ದರೆ ಬಾಲ್‌ಪೆನ್ನಿನ ಖಾಲಿ ರೀಫಿಲ್ ಒಂದನ್ನು ತೆಗೆದುಕೊಳ್ಳಿ. ಅದರ ಲೋಹದ ತುದಿ ಹಿಂದೆ ಅಗಲ, ಮುಂದೆ ಚೂಪು. ನಿಜವಾದ ಹಾರ್ನಿನ 17 ಸೆಂಟಿಮೀಟರ್ ಬಾಯಿ ನಮ್ಮ ಅಳತೆಯಲ್ಲಿ ಎರಡು ಮಿಲಿಮೀಟರ್ ಆಗುವುದರಿಂದ ಆ ಅಗಲದ ಭಾಗ ಹೆಚ್ಚುಕಡಿಮೆ ಅಳತೆಗೆ ಕೂರುತ್ತದೆ. ಶಾಯಿಯನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಬೇಕಾದ ಉದ್ದಕ್ಕೆ ಕತ್ತರಿಸಿ, ಬಾಯಂಚನ್ನು ನಯವಾದ ಎಮರಿ ಕಾಗದದ ಮೇಲೆ ತಿರುಗಿಸಿ ತಿಕ್ಕಿ, ಕೆಳಗೆ ಹಿತ್ತಾಳೆ ತಂತಿಯ ಒಂದು ಕಾಲನ್ನು ಬೆಸುಗೆ ಹಾಕಿ. ವಾರಾಣಸಿಯಲ್ಲಿ 1964ರಿಂದ ತಯಾರಾದ ನಮ್ಮ ಡಬ್ಲ್ಯುಡಿಎಂ-2 ಎಂಜಿನ್ನೂ ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದ್ದೇ ಎಂಬುದು ತಮಗೆ ತಿಳಿದಿರಬಹುದು. ತಮ್ಮ ಮಾದರಿಯೂ ಆಲ್ಕೋ ಕುಲದ್ದಾಗಿದ್ದರೆ ಹಾರ್ನಿನ ಆಕಾರಕ್ಕೆ ಅಮೆರಿಕದ ಎಂಜಿನ್ನಿನ ಚಿತ್ರವನ್ನೇ ನೋಡಿಕೊಳ್ಳಿ, ನಮ್ಮದನ್ನಲ್ಲ. ಎರಡು ದೇಶಗಳ ಹಾರ್ನುಗಳು ಬೇರೆ ಬೇರೆ.

ಬಣ್ಣದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಹಿತ್ತಾಳೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಲೋಹಕ್ಕೆ ಹಿಡಿಯುವ ಪ್ರೈಮರ್ ಹಚ್ಚಿ, ಮೇಲೆ ಅಕ್ರಿಲಿಕ್ ಬಣ್ಣವನ್ನು ಎರಡು ತೆಳು ಪದರಗಳಲ್ಲಿ ಕೊಡಿ. ಅಸಿಟಾಲಿಗೆ ಅಂಟು ಹಿಡಿಯದಂತೆ ಬಣ್ಣವೂ ಹಿಡಿಯುವುದಿಲ್ಲ, ಆದ್ದರಿಂದ ನಿಲುಗಂಬಗಳ ಹಳೆಯ ಬಣ್ಣವನ್ನು ಮುಟ್ಟದೆ ಬಿಡುವುದು ಜಾಣತನ. ಮಳೆ ಹಿಡಿದಿರುವಾಗಲೇ ಮಾಡಬೇಕಾದರೆ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಕಾಲದ 40 ವ್ಯಾಟಿನ ಬಲ್ಬನ್ನು ಒಂದು ಗಂಟೆ ಉರಿಸಿ ಆರಿಸಿ, ಆ ಬೆಚ್ಚನೆಯಲ್ಲಿ ಒಣಗಲು ಇಡಿ. ಮುಂಗೈಗೆ ಹಿತವೆನಿಸುವಷ್ಟು ಶಾಖ ಸಾಕು, ಅಡಿಕೆ ಒಣಗಿಸುವ ಶಾಖ ಬೇಡ. ಉಳಿದ ಸೂಪರ್ ಗ್ಲೂವನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಬಹುದು. ಹೊರಗೆ ತೆಗೆದಾಗ ಡಬ್ಬಿ ಕೋಣೆಯ ಶಾಖಕ್ಕೆ ಬರುವ ತನಕ ಮುಚ್ಚಳ ತೆರೆಯಬಾರದು, ತೆರೆದರೆ ತಣ್ಣನೆ ಮೂತಿಯ ಮೇಲೆ ಕೂರುವ ಇಬ್ಬನಿಯಿಂದಲೇ ಅಂಟು ಕಲ್ಲಾಗುತ್ತದೆ.

ಎಂಜಿನ್ನನ್ನು ಬಿಚ್ಚಿದಾಗ ಒಳಗಿನ ಎರಕದ ಚೌಕಟ್ಟನ್ನೂ ಒಮ್ಮೆ ದಿಟ್ಟಿಸಿ ನೋಡಿ. ಸತುವಿನ ಎರಕದಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ಅದು ವರ್ಷಗಳು ಕಳೆದಂತೆ ಒಳಗಿನಿಂದಲೇ ಉಬ್ಬಿ ಜಾಲದಂತೆ ಬಿರಿಯುತ್ತದೆ, ತೇವದ ಗಾಳಿ ಅದನ್ನು ಬೇಗ ಮಾಡಿಸುತ್ತದೆ. ಹಾಗಿದ್ದರೆ ಬಿದ್ದದ್ದು ನೆಪ ಮಾತ್ರ. ಅಂಥ ಬಿರುಕಿಗೆ ಅಂಟೂ ಇಲ್ಲ, ಬೆಸುಗೆಯೂ ಇಲ್ಲ, ಚೌಕಟ್ಟನ್ನೇ ಬದಲಿಸಬೇಕು. ಇತ್ತೀಚಿನ ಮಾದರಿಗಳಲ್ಲಿ ಇದು ಅಪರೂಪ.

ಮೇಲ್ಮೈಯನ್ನು ಮತ್ತೆ ಚಾಸಿಯ ಮೇಲೆ ಕೂರಿಸುವ ಮುನ್ನ ಒಂದು ಕೆಲಸ ಉಳಿದಿದೆ. ಮೊದಲಿದ್ದ ಪ್ಲಾಸ್ಟಿಕ್ ಕೈಕಂಬಿಯಲ್ಲಿ ವಿದ್ಯುತ್ ಹರಿಯುತ್ತಿರಲಿಲ್ಲ, ಹೊಸದು ಹಿತ್ತಾಳೆಯದು. ಅದರ ಕೊನೆಗಳು ಗೋಡೆ ದಾಟಿ ಒಳಗೆ ಬಂದಿರುವುದರಿಂದ ಚೌಕಟ್ಟಿಗೋ ಸರ್ಕ್ಯೂಟ್ ಹಲಗೆಗೋ ತಾಗುವ ಸಾಧ್ಯತೆ ಇದೆ. ಅನೇಕ ಮಾದರಿಗಳಲ್ಲಿ ಚೌಕಟ್ಟೇ ಒಂದು ಹಳಿಯ ವಿದ್ಯುತ್ತನ್ನು ಹೊತ್ತಿರುತ್ತದೆ. ಒಳಗಿನ ಕೊನೆಗಳನ್ನು ಒಂದು ಮಿಲಿಮೀಟರ್ ಉಳಿಸಿ ಕತ್ತರಿಸಿ, ಉಗುರುಬಣ್ಣದ ಒಂದೊಂದು ಹನಿಯಿಂದ ಮುಚ್ಚಿ, ಒಣಗಿದಮೇಲೆ ಮೇಲ್ಮೈಯನ್ನು ಕೂರಿಸಿ. ಆಮೇಲೆ ಮಲ್ಟಿಮೀಟರನ್ನು ಬೀಪ್ ಶಬ್ದಕ್ಕೆ ಇಟ್ಟು ಒಂದು ಕಡ್ಡಿಯನ್ನು ಬಣ್ಣ ಹಚ್ಚದ ಯಾವುದಾದರೂ ತಾಮ್ರದ ಗಂಟಿಗೂ ಇನ್ನೊಂದನ್ನು ಎಡದ ಚಕ್ರಕ್ಕೂ, ಆಮೇಲೆ ಬಲದ ಚಕ್ರಕ್ಕೂ ತಾಗಿಸಿ ನೋಡಿ. ಇದನ್ನು ಕೊನೆಯ ಗಂಟಿಗೆ ಬಣ್ಣ ಕೊಡುವ ಮೊದಲೇ ಮಾಡಿಕೊಳ್ಳಬೇಕು, ಮೋಟಾರಿನ ಸುರುಳಿ ತಂತಿಗೆ ಇರುವ, ವಿದ್ಯುತ್ತನ್ನು ತಡೆಯುವ ಲೇಪವನ್ನು ಆ ಒಂದು ಕಡೆ ಬ್ಲೇಡಿನಿಂದ ಕೆರೆದಿರಬೇಕು. ಎರಡೂ ಕಡೆ ಶಬ್ದ ಬಾರದಿದ್ದರೆ 12 ವೋಲ್ಟಿನ ಹಳಿಯ ಮೇಲೆ ಇಡಬಹುದು. ಬಂದರೆ ಮತ್ತೆ ಬಿಚ್ಚಿ, ಬಾಗಿದ ಕೊನೆಯನ್ನು ಹುಡುಕಿ ಇನ್ನರ್ಧ ಮಿಲಿಮೀಟರ್ ಕತ್ತರಿಸಿ.